ಎ, ಆ್ಯನ್, ದಿ: ಮಕ್ಳಿಗೆ ಕನ್ನಡದಿಂದ್ಲೇ ಹೇಳ್ಕೊಡೋದು ಹೇಗೆ

ಹಾಸನದ ನಮ್ಮನೆ ಜಗಲಿ ಮೇಲೆ ಸಂಜೆ ಐದೂವರೆ ಆದ್ರೆ ಮಕ್ಳು ಬಂದು ಕೂರ್ತಾರೆ. ಮೂರ್ನೇ ಕ್ಲಾಸಿಂದ ಐದ್ನೇ ಕ್ಲಾಸ್ ತನಕ ಇದಾರೆ, ಹೆಚ್ಚಿನೋರು ಸರ್ಕಾರಿ ಕನ್ನಡ ಶಾಲೆಯೋರು, ಒಂದಿಬ್ರು ಇಂಗ್ಲಿಷ್ ಮೀಡಿಯಂ. ಮೀಡಿಯಂ ಯಾವ್ದಾದ್ರೂ ಇರ್ಲಿ ಎಲ್ರೂ ಎಡವೋ ಜಾಗ ಒಂದೇ, ಆರ್ಟಿಕಲ್ಸ್, ಅಂದ್ರೆ ಇಂಗ್ಲಿಷಿನ ಎ, ಆ್ಯನ್, ದಿ. 'ಐ ಆ್ಯಮ್ ಸ್ಟೂಡೆಂಟ್' ಅಂತಾರೆ, 'ಆ್ಯನ್ ಯೂನಿಫಾರ್ಮ್' ಅಂತಾರೆ, 'ದಿ' ಅನ್ನೋದನ್ನ ಒಂದೋ ಪೂರ್ತಿ ಮರೀತಾರೆ ಇಲ್ಲಾಂದ್ರೆ ಎಲ್ಲಾ ಪದದ ಮುಂದೆನೂ ಇಡ್ತಾರೆ. ಇದು ಮಕ್ಳ ತಪ್ಪಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. 'ಎ ಇ ಐ ಓ ಯು ಬಂದ್ರೆ ಆ್ಯನ್ ಹಾಕು, ಮಿಕ್ಕಿದ್ದಕ್ಕೆ ಎ ಹಾಕು' ಅಂತ ಒಂದೇ ಸಾಲು ಬಾಯಿಪಾಠ ಮಾಡ್ಸಿ ಬಿಟ್ಬಿಡ್ತೀವಲ್ಲ, ಅಲ್ಲೇ ಕೆಡೋದು. ಆರ್ಟಿಕಲ್ ಗೊತ್ತಾಗೋದು ಕಿವಿಗೆ, ಕಣ್ಣಿಗಲ್ಲ. ಮತ್ತೆ ಅದರ ಅರ್ಥ ನಮ್ಮ ಕನ್ನಡದೊಳಗೇ ಅಡಗಿ ಕೂತಿದೆ, ಅದನ್ನ ಎತ್ತಿ ತೋರಿಸಿದ್ರೆ ಮಗು ಬೇಗ ಹಿಡ್ಕೊಳ್ಳುತ್ತೆ. ನಾನು ಹೇಳ್ಕೊಡೋ ಕ್ರಮಾನ ಇಲ್ಲಿ ಬರೀತಿದೀನಿ, ಮನೇಲಿ ಪಾಠ ಹೇಳೋ ಅಪ್ಪ ಅಮ್ಮಂದ್ರಿಗೂ ಆಗುತ್ತೆ, ಟೀಚರ್‌ಗಳಿಗೂ ಆಗುತ್ತೆ.

ಹೆಜ್ಜೆ 1: ಪುಸ್ತಕ ತೆಗೀಬೇಡಿ, ಒಂದು ಕಥೆ ಹೇಳಿ

ನಾವು ಕಥೆ ಶುರು ಮಾಡೋದೇ 'ಒಂದೂರಲ್ಲಿ ಒಬ್ಬ ರಾಜ ಇದ್ದ' ಅಂತ. ಎರಡ್ನೇ ಸಾಲಿಗೆ ಬರೋ ಹೊತ್ಗೆ 'ಆ ರಾಜನಿಗೆ ಇಬ್ರು ಹೆಂಡ್ತೀರು' ಅಂತೀವಿ. ಯಾರೂ 'ಒಬ್ಬ ರಾಜನಿಗೆ ಇಬ್ರು ಹೆಂಡ್ತೀರು' ಅನ್ನಲ್ಲ, ಹಾಗಂದ್ರೆ ಇವ್ನು ಇನ್ನೊಬ್ಬ ರಾಜ ಇರ್ಬೇಕು ಅಂತ ಮಕ್ಳು ತಕ್ಷಣ ಕೇಳ್ತಾರೆ. ಅಷ್ಟೇ ನೋಡಿ ವಿಷ್ಯ. ಮೊದಲ್ನೇ ಸಲ ಕಥೆಯೊಳಗೆ ಬಂದೋನು 'ಎ ಕಿಂಗ್', ಒಂದ್ಸಲ ಪರಿಚಯ ಆದ್ಮೇಲೆ ಅವ್ನು 'ದಿ ಕಿಂಗ್'. ಒಂದು, ಒಬ್ಬ, ಒಬ್ಳು ಅನ್ನೋ ಜಾಗಕ್ಕೆ ಎ ಅಥ್ವಾ ಆ್ಯನ್. 'ಆ' ಅನ್ನೋ ಜಾಗಕ್ಕೆ ದಿ.

ನಮ್ ಕಡೆ ಮಕ್ಳಿಗೆ ರಾಜನಿಗಿಂತ ಆನೆ ಹತ್ರ. ಸಕಲೇಶಪುರ, ಆಲೂರು ಕಡೆಯ ಮಕ್ಳಿಗಂತೂ ಆನೆ ಬಂತು ಅನ್ನೋದು ದಿನಾ ಕೇಳೋ ಮಾತು. ಅದಕ್ಕೆ ನಾನು ಈ ಕಥೆ ಹೇಳ್ತೀನಿ: 'ಆ್ಯನ್ ಎಲಿಫೆಂಟ್ ಕೇಮ್ ಟು ಅವರ್ ವಿಲೇಜ್. ದಿ ಎಲಿಫೆಂಟ್ ಸಾ ಎ ಜಾಕ್‌ಫ್ರೂಟ್ ಟ್ರೀ. ದಿ ಟ್ರೀ ಹ್ಯಾಡ್ ಎ ಬಿಗ್ ಜಾಕ್‌ಫ್ರೂಟ್. ದಿ ಎಲಿಫೆಂಟ್ ಏಟ್ ದಿ ಜಾಕ್‌ಫ್ರೂಟ್.' ಇದನ್ನ ಸಾಲು ಸಾಲಾಗಿ ಕನ್ನಡದಲ್ಲೂ ಹೇಳ್ಸಿ. ಒಂದು ಆನೆ ಬಂತು, ಆ ಆನೆ ಒಂದು ಹಲಸಿನ ಮರ ನೋಡ್ತು, ಆ ಮರದಲ್ಲಿ ಒಂದು ದೊಡ್ಡ ಹಣ್ಣಿತ್ತು, ಆ ಆನೆ ಆ ಹಣ್ಣನ್ನ ತಿಂತು. ಹೊಸದು ಬಂದಾಗೆಲ್ಲ ಒಂದು ಬೆರಳು ಎತ್ತಬೇಕು, ಪರಿಚಯ ಆಗಿರೋದು ಬಂದಾಗ ಆ ಕಡೆ ಬೆರಳು ತೋರಿಸ್ಬೇಕು. ಎರಡು ದಿನ ಇಷ್ಟೇ ಮಾಡ್ಸಿ, ಗ್ರಾಮರ್ ಅನ್ನೋ ಪದಾನೇ ಬೇಡ.

ಇದ್ರಲ್ಲಿ ಇನ್ನೊಂದು ಸೊಗಸಿದೆ, ಅದು ದೊಡ್ಡೋರಿಗೂ ಗೊತ್ತಿರ್ಲಿ. ಎ, ಆ್ಯನ್ ಎರಡೂ ಹುಟ್ಟಿದ್ದೇ ಹಳೇ ಇಂಗ್ಲಿಷಿನ 'ಒಂದು' ಅನ್ನೋ ಅರ್ಥದ ಪದದಿಂದ. ಮೊದ್ಲಿದ್ದಿದ್ದು ಆ್ಯನ್, ವ್ಯಂಜನದ ಮುಂದೆ ಅದರ 'ನ್' ಸವೆದುಹೋಗಿ ಎ ಉಳೀತು. ಹಾಗಾಗಿ ಎ ಅಂದ್ರೆ ಒಂದು ಅಂತ ಹೇಳ್ಕೊಡೋದು ಬರೀ ನಮ್ಮ ಅನುಕೂಲಕ್ಕೆ ಹೇಳೋ ಮಾತಲ್ಲ, ಅದರ ಮೂಲಾನೇ ಅದು.

ಹೆಜ್ಜೆ 2: ಎ ಮತ್ತು ಆ್ಯನ್, ಕನ್ನಡ ಅಕ್ಷರದಲ್ಲಿ ಬರೆದು ನೋಡೋದು

ಇದು ನನಗೆ ತುಂಬ ಇಷ್ಟದ ಭಾಗ. ಇಂಗ್ಲಿಷ್ ಸ್ಪೆಲ್ಲಿಂಗ್ ನಂಬೋ ಹಾಗಿಲ್ಲ, ಬರೆಯೋದೊಂದು ಓದೋದೊಂದು. ನಮ್ಮ ಲಿಪಿ ಹಾಗಲ್ಲ, ಬಾಯಿಗೆ ಬಂದಿದ್ದೇ ಕೈಗೆ. ಅದಕ್ಕೆ ಮಗು ಕೈಲಿ ಆ ಇಂಗ್ಲಿಷ್ ಪದಾನ ಕನ್ನಡದಲ್ಲಿ ಬರೆಸಿ. ಮೊದಲ್ನೇ ಅಕ್ಷರ ಸ್ವರ ಆಗಿದ್ರೆ ಆ್ಯನ್, ವ್ಯಂಜನ ಆಗಿದ್ರೆ ಎ. ಒಂದ್ನೇ ಕ್ಲಾಸಲ್ಲೇ ಕಲ್ತಿರೋ ಅ ಆ ಇ ಈ ಇಲ್ಲಿ ಕೆಲ್ಸಕ್ಕೆ ಬರುತ್ತೆ.

ಅಂಬ್ರೆಲಾ ಅಂತ ಬರೆದ್ರೆ ಮೊದ್ಲು 'ಅ', ಅಂದ್ರೆ ಆ್ಯನ್ ಅಂಬ್ರೆಲಾ. ಯೂನಿಫಾರ್ಮ್ ಅಂತ ಬರೆದ್ರೆ ಮೊದ್ಲು 'ಯ', ಅಂದ್ರೆ ಎ ಯೂನಿಫಾರ್ಮ್. ಇಂಗ್ಲಿಷಲ್ಲಿ ಎರಡೂ 'ಯು' ಅಕ್ಷರದಿಂದ್ಲೇ ಶುರು, ಕನ್ನಡದಲ್ಲಿ ಬರೆದ ಕ್ಷಣ ಎರಡೂ ಬೇರೆ ಬೇರೆ ಅಂತ ಕಣ್ಣಿಗೇ ಕಾಣುತ್ತೆ. ಗಂಟೆ ಅನ್ನೋ ಅರ್ಥದ 'ಅವರ್' ಸ್ಪೆಲ್ಲಿಂಗಲ್ಲಿ 'ಎಚ್' ಇದೆ, ಬಾಯಲ್ಲಿ ಇಲ್ಲ, ಹಾಗಾಗಿ ಆ್ಯನ್ ಅವರ್. 'ಆನೆಸ್ಟ್' ಕೂಡ ಹಾಗೇ. ಯೂನಿವರ್ಸಿಟಿ, ಯುರೋಪಿಯನ್, ಎಲ್ಲಾ 'ಯ', ಎಲ್ಲಾ ಎ. ಮಕ್ಳು ದಿನಾ ಕೇಳೋ ಚಿಕ್ಕ ಹೆಸರುಗಳನ್ನೂ ಕೊಡಿ, ಅವಕ್ಕೆ ಇದು ಆಟದ ಥರ ಆಗುತ್ತೆ: ಎಂಎಲ್ಎ ಅಂದಾಗ ಮೊದ್ಲು 'ಎ' ಸ್ವರ, ಆ್ಯನ್ ಎಂಎಲ್ಎ. ಎಲ್ಇಡಿ ಬಲ್ಬಿಗೂ ಆ್ಯನ್. ಯುಪಿಐ ಪೇಮೆಂಟಿಗೆ ಎ. ಅಣ್ಣ ಎಸ್ಎಸ್ಎಲ್‌ಸಿ ಓದ್ತಿದ್ರೆ ಅವ್ನು ಆ್ಯನ್ ಎಸ್ಎಸ್ಎಲ್‌ಸಿ ಸ್ಟೂಡೆಂಟ್, ಅಕ್ಕ ಪಿಯುಸಿ ಓದ್ತಿದ್ರೆ ಅವ್ಳು ಎ ಪಿಯುಸಿ ಸ್ಟೂಡೆಂಟ್.

ಒಂದು ಕಡೆ ಹುಷಾರು. 'ಆ್ಯಪಲ್' ಅಂತ ಬರೆದಾಗ ಆ ಜೊತೆ ಯ ಒತ್ತು ಇರುತ್ತೆ, ಕೆಲವು ಮಕ್ಳು ಅದನ್ನ ನೋಡಿ ಇದು ಯ ಅಂತ ತಿಳ್ಕೊಂಡು ಎ ಆ್ಯಪಲ್ ಅಂತಾರೆ. ಅಲ್ಲಿ ಮುಂದಿರೋದು 'ಆ', ಅದೇ ಲೆಕ್ಕ ಅಂತ ಒಂದ್ಸಲ ತೋರಿಸಿ.

ಇನ್ನೊಂದು, ಆರ್ಟಿಕಲ್ ನೋಡೋದು ತನ್ನ ಪಕ್ಕದಲ್ಲಿ ಕೂತಿರೋ ಪದಾನ ಮಾತ್ರ. ಆ್ಯನ್ ಆ್ಯಪಲ್, ಆದ್ರೆ ಎ ರೆಡ್ ಆ್ಯಪಲ್. ಎ ಪೊಟ್ಯಾಟೊ, ಆದ್ರೆ ಆ್ಯನ್ ಓಲ್ಡ್ ಪೊಟ್ಯಾಟೊ. ಹಾಸನ ಆಲೂಗಡ್ಡೆ ಸೀಮೆ ಅಲ್ವಾ, ಮನೇಲಿರೋ ಆಲೂಗಡ್ಡೆನೇ ಕೈಗೆ ಕೊಟ್ಟು ದೊಡ್ಡದು, ಚಿಕ್ಕದು, ಹಳೇದು, ಕೊಳಕಾಗಿರೋದು ಅಂತ ಒಂದೊಂದೇ ಹೇಳ್ಸಿ, ಬಿಗ್, ಸ್ಮಾಲ್, ಓಲ್ಡ್, ಡರ್ಟಿ, ನಾಲ್ಕರಲ್ಲಿ ಓಲ್ಡಿಗೆ ಮಾತ್ರ ಆ್ಯನ್ ಬರುತ್ತೆ ಅಂತ ಅವ್ರೇ ಕಂಡ್ಕೋತಾರೆ.

ಹೆಜ್ಜೆ 3: ನಮ್ಮ ನಾಲಿಗೆ ಎಲ್ಲಿ ಎಡವುತ್ತೆ ಅಂತ ನೋಡಿ

ಕನ್ನಡದಲ್ಲಿ ಬರೆಸೋ ಉಪಾಯ ಚೆನ್ನಾಗೇನೋ ಇದೆ, ಆದ್ರೆ ಅದು ನಡೆಯೋದು ಮಗು ಆ ಪದಾನ ಸರಿಯಾಗಿ ನುಡಿದ್ರೆ ಮಾತ್ರ. ನಮ್ಮ ಸೀಮೆಯಲ್ಲಿ ಮೂರು ಕಡೆ ನಾಲಿಗೆ ಬೇರೆ ದಾರಿ ಹಿಡಿಯುತ್ತೆ, ಇದನ್ನ ಯಾವ ಗ್ರಾಮರ್ ಪುಸ್ತಕನೂ ಹೇಳಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ.

ಮೊದಲ್ನೇದು 'ಹ'. ನಮ್ಮ ಹಳ್ಳಿ ಮಾತಲ್ಲಿ ಹಣ್ಣು ಅಣ್ಣಾಗುತ್ತೆ, ಹಾಲು ಆಲಾಗುತ್ತೆ, ಹಾಸನನೇ ಆಸನ ಆಗುತ್ತೆ. ಅದು ಅವರ ಮನೆ ಮಾತು, ಅದನ್ನ ತಪ್ಪು ಅನ್ಬೇಡಿ, ಮಗುಗೆ ನಾಚಿಕೆ ಆಗೋ ಹಾಗೆ ತಿದ್ದಬೇಡಿ. ಆದ್ರೆ ಅದೇ ಮಗು 'ಹೆನ್' ಅನ್ನೋದನ್ನ 'ಎನ್' ಅಂತ ನುಡಿದು, ಕನ್ನಡದಲ್ಲೂ 'ಎನ್' ಅಂತ ಬರೆದು, ರೂಲ್ ಪ್ರಕಾರ ಸರಿಯಾಗೇ ಯೋಚ್ನೆ ಮಾಡಿ 'ಆ್ಯನ್ ಹೆನ್' ಅಂತ ಬರೆಯುತ್ತೆ. ನಾವು ಕೆಂಪು ಗೀಟು ಎಳೀತೀವಿ. ಮಗು ಯೋಚ್ನೆ ಮಾಡಿದ್ದು ಸರಿ, ಕೇಳಿಸ್ಕೊಂಡಿದ್ದು ಮಾತ್ರ ಬೇರೆ, ಇದು ತಿಳಿಯದೆ ಹೊಡ್ತ ತಿಂದ ಮಕ್ಳನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಇದಕ್ಕೆ ಮದ್ದು ಸುಲಭ. ಅಂಗೈಯನ್ನ ಬಾಯಿ ಮುಂದೆ ಹಿಡ್ಕೊಂಡು 'ಹೆನ್', 'ಹೌಸ್', 'ಹ್ಯಾಟ್' ಅನ್ಸಿ, ಬಿಸಿ ಉಸಿರು ಕೈಗೆ ತಾಗಬೇಕು. ಆಮೇಲೆ 'ಎಗ್', 'ಔಲ್', 'ಆ್ಯಂಟ್' ಅನ್ಸಿ, ಆ ಉಸಿರು ಇರಲ್ಲ. ಉಸಿರು ತಾಗಿದ್ರೆ ಎ, ತಾಗದಿದ್ರೆ ಆ್ಯನ್. ಹೆನ್ ಮತ್ತು ಎಗ್ ಜೋಡಿ ಇಟ್ಕೊಳ್ಳಿ, ಕೋಳಿ ಮೊಟ್ಟೆ ಎರಡೂ ಎಲ್ರ ಮನೇಲೂ ಇರುತ್ತೆ, ಮರೆಯಲ್ಲ: ಎ ಹೆನ್ ಲೇಸ್ ಆ್ಯನ್ ಎಗ್.

ಎರಡ್ನೇದು 'ಎ' ಮತ್ತು 'ಯೆ'. ನಾವು ಎಲೆ ಅಂತ ಬರೀತೀವಿ, ಬಾಯಲ್ಲಿ ಅದು ಯೆಲೆ ಆಗುತ್ತೆ. ಎರಡು ಯೆರಡಾಗುತ್ತೆ. ಅದೇ ಅಭ್ಯಾಸದಲ್ಲಿ ಎಗ್ ಯೆಗ್ಗಾಗಿ, ಎಲಿಫೆಂಟ್ ಯೆಲಿಫೆಂಟಾಗಿ ಬಿಡುತ್ತೆ, ಆಗ ಮಗು 'ಯ ಇದೆಯಲ್ಲ ಮಿಸ್, ಎ ಹಾಕ್ಬೇಕಲ್ವಾ' ಅಂತ ಕೇಳುತ್ತೆ, ಕೇಳ್ಬೇಕಾದ ಪ್ರಶ್ನೆನೇ ಅದು. ಎಬಿಸಿಡಿಯಲ್ಲಿರೋ 'ಎಸ್' ಅಕ್ಷರ ಮತ್ತು ಹೌದು ಅನ್ನೋ 'ಯೆಸ್' ಎರಡನ್ನೂ ಪಕ್ಕ ಪಕ್ಕ ಇಟ್ಟು ಹತ್ತು ಸಲ ಹೇಳ್ಸಿ. ಯೆಸ್ ಅನ್ನುವಾಗ ನಾಲಿಗೆ ಮೇಲಕ್ಕೆ ಹೋಗಿ ಇಳಿಯುತ್ತೆ, ಎಸ್ ಅನ್ನುವಾಗ ಹಾಗಾಗಲ್ಲ. ಇದು ಹಿಡಿದ ಮೇಲೆ ಕಿವಿ ಅನ್ನೋ 'ಇಯರ್' ಮತ್ತು ವರ್ಷ ಅನ್ನೋ 'ಯಿಯರ್' ಕೊಡಿ, ಇದು ದೊಡ್ಡೋರಿಗೂ ಕಷ್ಟ. ಕಿವಿಗೆ ಆ್ಯನ್, ವರ್ಷಕ್ಕೆ ಎ.

ಮೂರ್ನೇದು 'ಒ' ಮತ್ತು 'ವ'. ಒಂದು ಅನ್ನೋದು ವಂದು ಆಗುತ್ತಲ್ಲ, ಅದೇ ಥರ ಓಲ್ಡ್ ವೋಲ್ಡ್ ಆಗುತ್ತೆ. ತಮಾಷೆ ಏನಂದ್ರೆ ಇಂಗ್ಲಿಷಿನ 'ಒನ್' ವಿಷ್ಯದಲ್ಲಿ ನಮ್ಮ ನಾಲಿಗೆನೇ ಸರಿ, ಅದನ್ನ ನುಡಿಯೋದು ವನ್ ಅಂತಲೇ, ನಾವು ಬರೆಯುವಾಗ ಮಾತ್ರ ಒನ್ ಅಂತ ಬರೀತೀವಿ. ಹಾಗಾಗಿ ಎ ವನ್ ರುಪೀ ಕಾಯಿನ್. ಇದೊಂದನ್ನ ವ ಹಾಕಿ ಬರೆಸಿ.

ಐದ್ನೇ ಕ್ಲಾಸು ದಾಟಿದ ಮಕ್ಳಿಗೆ ಸಂಧಿ ಗೊತ್ತಿದ್ರೆ ಇನ್ನೊಂದು ಮಾತು ಹೇಳ್ಬಹುದು. ಮನೆ ಅನ್ನು ಸೇರಿದ್ರೆ ಮನೆಯನ್ನು, ಗುರು ಅನ್ನು ಸೇರಿದ್ರೆ ಗುರುವನ್ನು. ಎರಡು ಸ್ವರ ಒಟ್ಟಿಗೆ ಬಂದು ಬಾಯಿ ತೊಡರಬಾರದು ಅಂತ ನಾವು ನಡುವೆ ಯ ಅಥ್ವಾ ವ ತರ್ತೀವಿ. ಇಂಗ್ಲಿಷಲ್ಲಿ ಅದೇ ಜಾಗದಲ್ಲಿ ಆ್ಯನ್‌ನ 'ನ್' ಉಳ್ಕೊಂಡಿದೆ. ಹೀಗೆ ಹೇಳಿದ್ರೆ ಇದು ಯಾರೋ ಮಾಡಿಟ್ಟ ಕಾನೂನಲ್ಲ, ಬಾಯಿಗೆ ಸಲೀಸಾಗ್ಲಿ ಅಂತ ಆಗಿದ್ದು ಅಂತ ಅವ್ರಿಗೆ ಅನ್ಸುತ್ತೆ.

ಹೆಜ್ಜೆ 4: ಕನ್ನಡದಲ್ಲಿ 'ಒಂದು' ಇಲ್ದೇ ಇರೋ ಕಡೆ

ಒಂದು ಅಂದ್ರೆ ಎ ಅಂತ ಕಲ್ತ ಮಗು ಇಲ್ಲಿ ತಪ್ಪುತ್ತೆ. 'ನಮ್ಮಪ್ಪ ಡ್ರೈವರ್' ಅಂತೀವಿ, 'ನಮ್ಮಪ್ಪ ಒಬ್ಬ ಡ್ರೈವರ್' ಅಂತ ಮನೇಲಿ ಯಾರೂ ಅನ್ನಲ್ಲ. ಇಂಗ್ಲಿಷಲ್ಲಿ ಬಿಡೋ ಹಾಗಿಲ್ಲ: ಮೈ ಫಾದರ್ ಈಸ್ ಎ ಡ್ರೈವರ್. ಕೆಲ್ಸದ ಹೆಸರು ಬಂದ್ರೆ ಎ ಅಥ್ವಾ ಆ್ಯನ್ ಬಂದೇ ಬರ್ಬೇಕು. ಮಕ್ಳಿಗೆ ಅವ್ರವ್ರ ಮನೆಯೋರ ಕೆಲ್ಸಾನೇ ಹೇಳ್ಸಿ: ಎ ಫಾರ್ಮರ್, ಎ ಟೈಲರ್, ಆ್ಯನ್ ಎಲೆಕ್ಟ್ರಿಶಿಯನ್, ಆ್ಯನ್ ಆಶಾ ವರ್ಕರ್, ಆ್ಯನ್ ಅಂಗನವಾಡಿ ಟೀಚರ್. ನಮ್ಮ ಜಗಲಿ ಮೇಲೆ ಒಬ್ಬೊಬ್ರಾಗಿ ಎದ್ದು ನಿಂತು ಇದನ್ನ ಹೇಳುವಾಗ ಅವ್ರ ಮುಖ ನೋಡ್ಬೇಕು.

'ಗೆ' ಅನ್ನೋ ಕಡೆನೂ ಎ ಬರುತ್ತೆ. ವರ್ಷಕ್ಕೊಂದ್ಸಲ, ದಿನಕ್ಕೆರಡು ಸಲ, ಕೆಜಿಗೆ ಇಷ್ಟು. ಹಾಸನಾಂಬ ದೇವಸ್ಥಾನದ ಬಾಗ್ಲು ತೆಗೆಯೋದು ವರ್ಷಕ್ಕೊಂದ್ಸಲ ಅಂತ ಇಲ್ಲಿ ಎಲ್ಲಾ ಮಕ್ಳಿಗೂ ಗೊತ್ತು, ದೀಪಾವಳಿ ಸಮಯದ ಆ ಕ್ಯೂ ನೋಡ್ದೇ ಇರೋ ಮಗು ಇಲ್ಲ. 'ದಿ ಹಾಸನಾಂಬ ಟೆಂಪಲ್ ಓಪನ್ಸ್ ಒನ್ಸ್ ಎ ಯಿಯರ್.' ಈ ಒಂದೇ ವಾಕ್ಯದಲ್ಲಿ ದಿ ಇದೆ, ಎ ಇದೆ, ವರ್ಷಕ್ಕೆ ಎ, ಕಿವಿಗೆ ಆ್ಯನ್ ಅನ್ನೋ ಪಾಠನೂ ಇದೆ.

ಹೆಜ್ಜೆ 5: ದಿ, 'ಯಾವ್ದು?' ಅಂತ ಕೇಳಿ ನೋಡಿ

ದಿ ಹಾಕ್ಬೇಕಾ ಬೇಡ್ವಾ ಅಂತ ಅನುಮಾನ ಬಂದ್ರೆ ಒಂದೇ ಪ್ರಶ್ನೆ: 'ಯಾವ್ದು ಅಂತ ಕೇಳೋರಿಗೆ ಗೊತ್ತಾ?' ಗೊತ್ತಿದ್ರೆ ದಿ. 'ಬಾಗ್ಲು ಹಾಕು' ಅಂದಾಗ ಯಾವ ಬಾಗ್ಲು ಅಂತ ಯಾರೂ ಕೇಳಲ್ಲ, ಎದುರಿಗಿರೋದೇ, ಹಾಗಾಗಿ ಷಟ್ ದಿ ಡೋರ್. ಸೂರ್ಯ ಯಾವ್ದು ಅಂತ ಕೇಳಲ್ಲ, ಇರೋದೇ ಒಬ್ಬ, ದಿ ಸನ್, ದಿ ಮೂನ್, ದಿ ಸ್ಕೈ. ಮೊದಲ್ನೇ ಬೆಂಚು ಅಂದ್ರೆ ಒಂದೇ ಇರೋದು, ದಿ ಫಸ್ಟ್ ಬೆಂಚ್. ಎಲ್ಲಕ್ಕಿಂತ ಎತ್ತರದ್ದು ಅಂದ್ರೂ ಒಂದೇ, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ, 1,930 ಮೀಟರ್: 'ಮುಳ್ಳಯ್ಯನಗಿರಿ ಈಸ್ ದಿ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ.'

ಕನ್ನಡದಲ್ಲಿ 'ಆ' ಅಂತ ಬಾಯ್ಬಿಟ್ಟು ಹೇಳ್ದೇನೂ ದಿ ಅರ್ಥ ಬರ್ಸ್ತೀವಿ, ಇದನ್ನ ಗಮನಿಸಿ. 'ಮೇಜಿನ ಮೇಲೆ ಪುಸ್ತಕ ಇದೆ' ಅಂದ್ರೆ ಯಾವ್ದೋ ಒಂದು ಪುಸ್ತಕ, ದೇರ್ ಈಸ್ ಎ ಬುಕ್ ಆನ್ ದಿ ಟೇಬಲ್. 'ಪುಸ್ತಕ ಮೇಜಿನ ಮೇಲಿದೆ' ಅಂದ್ರೆ ನೀನು ಹುಡುಕ್ತಿರೋ ಆ ಪುಸ್ತಕ, ದಿ ಬುಕ್ ಈಸ್ ಆನ್ ದಿ ಟೇಬಲ್. ಪದ ಅವೇ, ಜಾಗ ಬದ್ಲಾಯ್ತು ಅಷ್ಟೇ. ಹಾಗೇ 'ಪುಸ್ತಕ ತಂದೆ' ಅನ್ನೋದಕ್ಕೂ 'ಪುಸ್ತಕಾನ ತಂದೆ' ಅನ್ನೋದಕ್ಕೂ ವ್ಯತ್ಯಾಸ ಇದೆ, ಎರಡ್ನೇದು ಕೇಳ್ದಾಗ ಯಾವ ಪುಸ್ತಕ ಅಂತ ಇಬ್ರಿಗೂ ಮೊದ್ಲೇ ಗೊತ್ತಿದೆ ಅನ್ಸುತ್ತೆ. ಎಲ್ಲಾ ಕಡೆ ಇದು ಕೂದಲು ಸೀಳಿದ ಹಾಗೆ ಸರಿಹೋಗಲ್ಲ, ಆದ್ರೆ 'ನಮ್ಮ ಭಾಷೇಲಿ ದಿ ಇಲ್ಲ, ನಮ್ಗೆ ಬರಲ್ಲ' ಅನ್ನೋ ಹೆದರಿಕೆ ಹೋಗೋಕೆ ಇಷ್ಟು ಸಾಕು.

ಊರು, ಹೊಳೆ, ಬೆಟ್ಟದ ಹೆಸರಿಗೆ ಬರೋಣ. ಹೊಳೆಗೆ ದಿ ಬೇಕು: ದಿ ಹೇಮಾವತಿ, ದಿ ಯಗಚಿ, ದಿ ಭದ್ರಾ, ದಿ ಕಾವೇರಿ. ಊರಿಗೆ ಬೇಡ: ಹಾಸನ, ಬೇಲೂರು, ಮೂಡಿಗೆರೆ. ಬೆಟ್ಟದ ಸಾಲಿಗೆ ದಿ, ದಿ ವೆಸ್ಟರ್ನ್ ಘಾಟ್ಸ್. ಒಂಟಿ ಶಿಖರಕ್ಕೆ ಬೇಡ, ಬರೀ ಮುಳ್ಳಯ್ಯನಗಿರಿ. ಸಮುದ್ರಕ್ಕೆ ದಿ. 'ದಿ ಹೇಮಾವತಿ ಫ್ಲೋಸ್ ಥ್ರೂ ಸಕಲೇಶಪುರ' ಅನ್ನೋ ವಾಕ್ಯ ಗೋಡೆಗೆ ಬರೆದು ಅಂಟಿಸಿ, ಹೊಳೆಗೆ ಇದೆ ಊರಿಗೆ ಇಲ್ಲ ಅನ್ನೋದು ನೋಡ್ತಾ ನೋಡ್ತಾ ಕೂತ್ಕೊಳ್ಳುತ್ತೆ.

ನುಡಿಯೋದ್ರಲ್ಲೂ ಎರಡು ರೀತಿ ಇದೆ. ಸ್ವರದ ಮುಂದೆ 'ದಿ', ದಿ ಎಲಿಫೆಂಟ್. ವ್ಯಂಜನದ ಮುಂದೆ ಅದು 'ದ' ಆಗುತ್ತೆ, ದ ಟ್ರೀ. ಎರಡ್ನೇ ಹೆಜ್ಜೇಲಿ ಕಲ್ತ ಸ್ವರ ವ್ಯಂಜನದ ಲೆಕ್ಕಾನೇ ಇಲ್ಲೂ. ಎ ಕೂಡ ಓದುವಾಗ 'ಅ ಬುಕ್' ಅಂತ ಹಗುರವಾಗಿ ಬರ್ಲಿ, 'ಏ ಬುಕ್' ಅಂತ ಎಳೀಬಾರ್ದು.

ಹೆಜ್ಜೆ 6: ಏನೂ ಹಾಕ್ಬಾರ್ದ ಕಡೆ

ಎಣಿಸೋಕಾಗದ್ದಕ್ಕೆ ಎ ಇಲ್ಲ. ಹಾಲು, ನೀರು, ಅಕ್ಕಿ, ಸಕ್ಕರೆ. ಬೇಕಾದ್ರೆ ಅಳತೆ ತನ್ನಿ, ಎ ಗ್ಲಾಸ್ ಆಫ್ ಮಿಲ್ಕ್. ಹೋಟ್ಲಲ್ಲಿ 'ಎ ಕಾಫಿ' ಅಂದ್ರೆ ಒಂದು ಲೋಟ ಅಂತ ಅರ್ಥ, ಅದು ನಡೆಯುತ್ತೆ, ಆದ್ರೆ ಚಿಕ್ಕಮಗಳೂರಲ್ಲಿ ಕಾಫಿ ಬೆಳೀತಾರೆ ಅನ್ನೋಕೆ ಬರೀ ಕಾಫಿ. ಮೈ, ಯುವರ್, ಹಿಸ್ ಬಂದ್ರೆ ಆರ್ಟಿಕಲ್ಲಿಗೆ ಜಾಗ ಇಲ್ಲ, 'ದಿ ಮೈ ಬ್ಯಾಗ್' ಆಗಲ್ಲ. ಆಟದ ಹೆಸರಿಗೆ ಬೇಡ, ಪ್ಲೇ ಕಬಡ್ಡಿ. ಬೈ ಬಸ್ ಅನ್ನುವಾಗ್ಲೂ ಬೇಡ.

ಸ್ಕೂಲ್ ಒಂದು ಮಾತ್ರ ನಿಧಾನವಾಗಿ ಹೇಳಿ. ಮಗು ಓದೋಕೆ ಹೋದ್ರೆ ಗೋಸ್ ಟು ಸ್ಕೂಲ್. ಅಪ್ಪ ಮೀಟಿಂಗಿಗೆ ಹೋದ್ರೆ ವೆಂಟ್ ಟು ದಿ ಸ್ಕೂಲ್, ಅವ್ರು ಹೋಗಿದ್ದು ಆ ಕಟ್ಟಡಕ್ಕೆ, ಪಾಠ ಕೇಳೋಕಲ್ಲ.

ತಿದ್ದೋದು ಹೇಗೆ

ತಪ್ಪು ಬರೆದ್ರೆ ಉತ್ತರ ಹೇಳ್ಬೇಡಿ. ಎ, ಆ್ಯನ್ ತಪ್ಪಿದ್ರೆ 'ಜೋರಾಗಿ ಓದು, ಕನ್ನಡದಲ್ಲಿ ಬರೆ' ಅನ್ನಿ. ದಿ ತಪ್ಪಿದ್ರೆ 'ಯಾವ್ದು?' ಅಂತ ಕೇಳಿ. ನಾನು ಮೊದಲ್ನೇ ಹೆಜ್ಜೆಗೆ ಎರಡು ದಿನ, ಎರಡು ಮೂರಕ್ಕೆ ಎರಡು ವಾರ, ಮಿಕ್ಕಿದ್ದಕ್ಕೆಲ್ಲ ಇನ್ನೆರಡು ವಾರ ತಗೋತೀನಿ, ದಿನಕ್ಕೆ ಹದಿನೈದು ನಿಮಿಷ ಮೀರಲ್ಲ. ಕೊನೇಲಿ ಈ ಸಾಲುಗಳನ್ನ ಬೋರ್ಡ್ ಮೇಲೆ ಇಂಗ್ಲಿಷಲ್ಲಿ ಬರೆದು ಖಾಲಿ ಜಾಗ ತುಂಬ್ಸಿ:

____ ಓಲ್ಡ್ ವುಮನ್ ಲಿವ್ಸ್ ನಿಯರ್ ____ ಯಗಚಿ. ಶೀ ಹ್ಯಾಸ್ ____ ಹೆನ್ ಆ್ಯಂಡ್ ____ ಅಂಬ್ರೆಲಾ. ____ ಹೆನ್ ಲೇಸ್ ____ ಎಗ್ ಎವೆರಿ ಡೇ. ಶೀ ಡ್ರಿಂಕ್ಸ್ ____ ಮಿಲ್ಕ್ ಅಟ್ ನೈಟ್. ಶೀ ಗೋಸ್ ಟು ____ ಬೇಲೂರು ಒನ್ಸ್ ____ ಮಂತ್.

ಉತ್ತರ ಇದೇ ಕ್ರಮದಲ್ಲಿ: ಆ್ಯನ್, ದಿ, ಎ, ಆ್ಯನ್, ದಿ, ಆ್ಯನ್, ಖಾಲಿ, ಖಾಲಿ, ಎ. ಐದ್ನೇ ಜಾಗದಲ್ಲಿ ಮಗು 'ಎ ಹೆನ್' ಅಂತ ಬರೆದಿದ್ರೆ ಆನೆ ಕಥೆಗೆ ವಾಪಸ್ ಹೋಗಿ. ಮೂರ್ನೇದ್ರಲ್ಲಿ 'ಆ್ಯನ್ ಹೆನ್' ಅಂತ ಬರೆದಿದ್ರೆ ಅಂಗೈಯನ್ನ ಬಾಯಿ ಮುಂದೆ ಹಿಡಿಸಿ.